ಹೊಸ ಬಡಾವಣೆಗೆ ಮಂಜೂರಾತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಂಚಿನ ಜಮೀನಿಗೆ ಸರ್ವೆಯವರು ಬಂದು ಗೂಟ ನೆಟ್ಟರು ಅಂದರೆ ಮೂರು ಥರದ ಜನರಿಗೆ ಚಿಂತೆ ಶುರುವಾಗುತ್ತದೆ. ಜಮೀನಿನ ಮಾಲೀಕರಿಗೆ ಅರ್ಜಿಯ ಚಿಂತೆ. ಅಕ್ಕಪಕ್ಕದವರಿಗೆ ನೀರು, ರಸ್ತೆಯ ಚಿಂತೆ. ಸೈಟು ಕೊಳ್ಳಬೇಕು ಅಂತಿರುವವರಿಗೆ ಕಾಗದಪತ್ರದ ಚಿಂತೆ. ಮೂವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕಾನೂನಿನ ಹೆಸರು, ಅರ್ಜಿಯ ನಮೂನೆ, ಶುಲ್ಕ ಇವೆಲ್ಲ ಊರಿಂದ ಊರಿಗೆ ಬೇರೆ. ಆದರೆ ನೀರು ಇಳಿಜಾರಿಗೆ ಹರಿಯುವುದು, ಬೆಂಕಿ ಬಿದ್ದಾಗ ಓಡಲು ದಾರಿ ಬೇಕಾಗುವುದು ಎಲ್ಲ ಕಡೆಯೂ ಒಂದೇ. ಹಾಗಾಗಿ ಇಲ್ಲಿ ಜಾಸ್ತಿ ಮಾತು ಅವುಗಳ ಬಗ್ಗೆಯೇ ಇದೆ.

ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಮನೆ ಸರಿ ಬರಲಿಲ್ಲ ಅಂದರೆ ಕೆಡವಿ ಕಟ್ಟಬಹುದು. ರಸ್ತೆ ಕಿತ್ತುಹೋದರೆ ಮತ್ತೆ ಡಾಂಬರು ಹಾಕಬಹುದು. ಆದರೆ ಸೈಟು ಗುರುತಿಸಿ, ನೂರು ಜನರ ಹೆಸರಿಗೆ ನೂರು ನೋಂದಣಿ ಆದಮೇಲೆ ಆ ಗೆರೆಗಳನ್ನು ಸರಿಸುವುದು ಹೆಚ್ಚುಕಡಿಮೆ ಆಗದ ಮಾತು. ನಕ್ಷೆ ಕಾಗದದ ಮೇಲಿರುವಾಗ ರಬ್ಬರಿನಿಂದ ಅಳಿಸಿ ಸರಿಮಾಡಬಹುದಾದ ತಪ್ಪಿಗೆ ಆಮೇಲೆ ನೂರು ಸಹಿ ಬೇಕು. ಅದಕ್ಕೇ ಮಂಜೂರಾತಿಯ ಹಂತದಲ್ಲಿ ಕಣ್ಣಿಟ್ಟು ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಬಡಾವಣೆ ಮಂಜೂರಾತಿಯೂ ಮನೆ ಕಟ್ಟುವ ಪರವಾನಗಿಯೂ ಒಂದೇನಾ?

ಅಲ್ಲ. ಮೊದಲನೆಯದು ನೆಲವನ್ನು ಸೈಟುಗಳಾಗಿ ಒಡೆಯುವುದಕ್ಕೆ. ಎಷ್ಟು ಸೈಟು, ಯಾವ ಅಳತೆ, ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಪಾರ್ಕ್ ಎಲ್ಲಿ, ನೀರಿನ ಪೈಪು ಯಾವ ಕಡೆಯಿಂದ ಬರುತ್ತದೆ ಅನ್ನುವುದೆಲ್ಲ ಅದರಲ್ಲಿ ತೀರ್ಮಾನವಾಗುತ್ತದೆ. ಎರಡನೆಯದು ಒಂದು ಸೈಟಿನ ಮೇಲೆ ಒಂದು ಕಟ್ಟಡ ಏಳುವುದಕ್ಕೆ. ಎಷ್ಟು ಮಹಡಿ, ಗಡಿಯಿಂದ ಎಷ್ಟು ಜಾಗ ಬಿಡಬೇಕು ಅನ್ನುವ ಲೆಕ್ಕ ಅಲ್ಲಿ ಬರುತ್ತದೆ. ಮಂಜೂರಾಗದ ಬಡಾವಣೆಯಲ್ಲಿ ಸೈಟು ಕೊಂಡವರು ಈ ಎರಡನೇ ಮೆಟ್ಟಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಭೂಬಳಕೆ ಬದಲಾವಣೆ ಅಂತ ಮೂರನೆಯದೊಂದಿದೆ. ಕೃಷಿ ಜಮೀನನ್ನು ವಸತಿಗೆ ಬಳಸಬಹುದು ಅಂತ ಒಪ್ಪಿಗೆ ಸಿಕ್ಕರೆ ಬಡಾವಣೆಯೇ ಮಂಜೂರಾದಂತೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಅಲ್ಲಿ ಮನೆ ಬರಬಹುದು ಅನ್ನುವುದಕ್ಕೆ ಒಪ್ಪಿಗೆ ಸಿಕ್ಕಿದೆ, ಅಷ್ಟೆ. ಹೇಗೆ ಬರಬೇಕು ಅನ್ನುವುದು ಇನ್ನೂ ಬಾಕಿ ಇದೆ.

ಜಮೀನು ನಮ್ಮದು. ಅದನ್ನು ಭಾಗ ಮಾಡಿ ಮಾರೋದಕ್ಕೆ ಬೇರೆಯವರ ಒಪ್ಪಿಗೆ ಯಾಕೆ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಬೇಸರ ಇಲ್ಲ. ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಒಪ್ಪಿಗೆ ಕೇಳದೆ ಒಡೆದ ಜಾಗಗಳಲ್ಲಿ ಏನಾಯಿತು ಅಂತ ನೋಡಬೇಕು.

ಅಮೆರಿಕದ ಫ್ಲಾರಿಡಾದಲ್ಲಿ ಗೋಲ್ಡನ್ ಗೇಟ್ ಎಸ್ಟೇಟ್ಸ್ ಅಂತ ಒಂದು ಜಾಗ. 1960ರ ದಶಕದಲ್ಲಿ ಅಲ್ಲಿನ ಜೌಗು ನೆಲದಲ್ಲಿ ಕಾಲುವೆ ತೋಡಿ, ಉದ್ದುದ್ದ ರಸ್ತೆ ಹಾಕಿ, ದೂರದೂರದ ಜನರಿಗೆ ಸೈಟು ಮಾರಿದರು. ನೆಲವನ್ನು ಕಣ್ಣಾರೆ ನೋಡದೆ ಕೊಂಡವರೂ ಇದ್ದರು. ಮಳೆಗಾಲದಲ್ಲಿ ದಕ್ಷಿಣ ಭಾಗ ನೀರಲ್ಲಿ ನಿಲ್ಲುತ್ತಿತ್ತು. ಕಾಲುವೆಗಳು ನೀರು ಎಳೆದುಬಿಟ್ಟ ಕಾರಣ ಬೇಸಿಗೆಯಲ್ಲಿ ಕಾಡ್ಗಿಚ್ಚು ಬೀಳುತ್ತಿತ್ತು. ಅಲ್ಲಿ ಎದ್ದ ಮನೆಗಳು ತೀರ ಕಡಿಮೆ. ಕೊನೆಗೆ ಸರ್ಕಾರ ಸಾವಿರಾರು ಮಾಲೀಕರನ್ನು ಹುಡುಕಿ ಆ ಸೈಟುಗಳನ್ನು ಮರಳಿ ಕೊಂಡುಕೊಂಡಿತು. ಸುಮಾರು 77 ಕಿಲೋಮೀಟರ್ ಕಾಲುವೆ ಮುಚ್ಚಿ, 400 ಕಿಲೋಮೀಟರಿಗೂ ಹೆಚ್ಚು ರಸ್ತೆ ಕಿತ್ತು, ನೆಲವನ್ನು ಮತ್ತೆ ಜೌಗು ಮಾಡುವ ಕೆಲಸಕ್ಕೆ ದಶಕಗಳೇ ಹಿಡಿದವು. ಗೆರೆ ಎಳೆದವರು ದುಡ್ಡು ಮಾಡಿಕೊಂಡು ಹೋದರು. ಅಳಿಸುವ ಖರ್ಚು ಎಲ್ಲರ ತೆರಿಗೆಯಿಂದ ಹೋಯಿತು.

ಒಬ್ಬರ ನೆಲದ ಮೇಲೆ ಬಿದ್ದ ಮಳೆ ಇನ್ನೊಬ್ಬರ ನೆಲಕ್ಕೆ ಹೋಗುತ್ತದೆ. ಒಬ್ಬರ ಬಡಾವಣೆಯ ಗಾಡಿಗಳು ಎಲ್ಲರ ರಸ್ತೆಯಲ್ಲಿ ಓಡುತ್ತವೆ. ಅದಕ್ಕೇ ಈ ನಿಯಂತ್ರಣ ಬಂತು. ಅಮೆರಿಕದಲ್ಲಿ 1928ರಲ್ಲಿ ನಗರ ಯೋಜನೆಯ ಮಾದರಿ ಕಾಯ್ದೆ ಹೊರಟಾಗ ಅದರಲ್ಲಿ ಬಡಾವಣೆ ನಕ್ಷೆಗಳ ಪರಿಶೀಲನೆಗೂ ಜಾಗ ಇತ್ತು. ಬ್ರಿಟನ್ನಿನ 1947ರ ಕಾಯ್ದೆ ಇನ್ನೂ ಮುಂದೆ ಹೋಯಿತು. ಜಮೀನು ನಿಮ್ಮದೇ ಆದರೂ ಅದನ್ನು ಅಭಿವೃದ್ಧಿ ಮಾಡಲು ಅನುಮತಿ ಬೇಕೇ ಬೇಕು ಅಂತ ಅದು ನಿಗದಿ ಮಾಡಿತು.

ನಿರ್ಧಾರ ಯಾರ ಕೈಯಲ್ಲಿದೆ?

ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆ ಅಥವಾ ಆ ಪ್ರದೇಶದ ಯೋಜನಾ ಪ್ರಾಧಿಕಾರ. ಭಾರತದಲ್ಲಿ 1992ರ 74ನೇ ತಿದ್ದುಪಡಿ ನಗರ ಯೋಜನೆಯನ್ನೂ ಭೂಬಳಕೆ ನಿಯಂತ್ರಣವನ್ನೂ ನಗರ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. ಎಷ್ಟು ವಹಿಸಬೇಕು ಅನ್ನುವುದು ರಾಜ್ಯಗಳಿಗೆ ಬಿಟ್ಟ ವಿಚಾರ. ಬೇರೆ ಕಡೆ ಚುನಾಯಿತ ಸದಸ್ಯರ ಸಮಿತಿ ಕೂತು ತೀರ್ಮಾನಿಸುವುದೂ ಉಂಟು.

ಆದರೆ ಒಬ್ಬರೇ ಎಲ್ಲವನ್ನೂ ನೋಡುವುದಿಲ್ಲ. ನೀರು, ಒಳಚರಂಡಿ, ವಿದ್ಯುತ್, ಅಗ್ನಿಶಾಮಕ, ರಸ್ತೆ, ಪರಿಸರ ಹೀಗೆ ಒಂದೊಂದು ಇಲಾಖೆಯ ಅಭಿಪ್ರಾಯ ಬರಬೇಕು. ಕಡತ ಓಡಾಡುವುದು ಇಲ್ಲೇ. ಸುಮ್ನೆ ಮುಖ್ಯ ಕಚೇರಿಯಲ್ಲಿ ವಿಚಾರಿಸುತ್ತಾ ಕೂರುವ ಬದಲು, ಯಾವ ಇಲಾಖೆಯ ಅಭಿಪ್ರಾಯ ಬಾಕಿ ಇದೆ ಅಂತ ಕೇಳಿ ತಿಳಿದುಕೊಳ್ಳಿ. ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಎಷ್ಟು ಹಂತ ಇರುತ್ತದೆ? ಎಷ್ಟು ದಿನ ಬೇಕು?

ಹೆಸರು ಏನೇ ಇರಲಿ, ಹೆಚ್ಚಿನ ಕಡೆ ಎರಡು ದೊಡ್ಡ ಹಂತ ಇರುತ್ತದೆ. ಮೊದಲು ತಾತ್ಕಾಲಿಕ ಮಂಜೂರಾತಿ. ಸೈಟು, ರಸ್ತೆ, ಚರಂಡಿ ಎಲ್ಲಿ ಬರಬೇಕು ಅನ್ನುವುದು ಇಲ್ಲಿ ಒಪ್ಪಿಗೆಯಾಗುತ್ತದೆ, ಷರತ್ತುಗಳು ಬೀಳುತ್ತವೆ. ಆಮೇಲೆ ಕೆಲಸ ಮುಗಿಸಿ, ಅಥವಾ ಮುಗಿಸುತ್ತೇವೆ ಅನ್ನುವುದಕ್ಕೆ ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ ಕೊಟ್ಟು, ಅಂತಿಮ ನಕ್ಷೆಗೆ ಸಹಿ ಪಡೆಯಬೇಕು. ಕಾನೂನಿನ ಪ್ರಕಾರ ಪ್ರತ್ಯೇಕ ಸೈಟುಗಳು ಹುಟ್ಟುವುದು ಅಂತಿಮ ನಕ್ಷೆ ದಾಖಲಾದಾಗ. ತಾತ್ಕಾಲಿಕ ಪತ್ರ ತೋರಿಸಿ 'ಎಲ್ಲ ಆಗಿದೆ' ಅನ್ನುವವರ ಮಾತನ್ನು ನಂಬಿ ದುಡ್ಡು ಕೊಡಬೇಡಿ.

ಸಮಯದ ಬಗ್ಗೆ ಒಂದೇ ಉತ್ತರ ಇಲ್ಲ. ಇಂಗ್ಲೆಂಡಿನಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಮನೆಗಳ ಅರ್ಜಿಗೆ 13 ವಾರ, ಪರಿಸರ ಪರಿಣಾಮದ ವರದಿ ಬೇಕಾದರೆ 16 ವಾರ ಅಂತ ಗಡುವು ಇದೆ. ಎರಡೂ ಕಡೆಯವರು ಒಪ್ಪಿ ಅದನ್ನು ಮುಂದೆ ಹಾಕುವುದೂ ಇದೆ. ತಡ ಆಗುವುದಕ್ಕೆ ಕಚೇರಿಯೇ ಕಾರಣ ಅಂತ ಹೇಳುವುದು ಸುಲಭ. ಅರೆಬರೆ ಅರ್ಜಿಯೂ ಅಷ್ಟೇ ದೊಡ್ಡ ಕಾರಣ. ಸರ್ವೆ ನಕ್ಷೆಯ ಅಳತೆ ಒಂದು, ಹಕ್ಕುಪತ್ರದ ಅಳತೆ ಇನ್ನೊಂದು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಅರ್ಜಿ ಹಾಕುವ ಮೊದಲೇ ಅಧಿಕಾರಿಗಳ ಜೊತೆ ಕೂತು ಮಾತಾಡುವ ಅವಕಾಶ ಬಹಳ ಕಡೆ ಇದೆ. ಅದನ್ನು ಬಿಡಬೇಡಿ.

ಅರ್ಜಿಗೆ ಮೊದಲು ನೆಲದ ಬಗ್ಗೆ ಏನು ತಿಳಿದಿರಬೇಕು?

ಅದರ ಹಳೆಯ ಕಥೆ. ಇಲ್ಲಿ ಮೊದಲು ಏನಿತ್ತು? ಕೆರೆಯಂಗಳವಾ, ಕಲ್ಲುಕ್ವಾರಿ ತುಂಬಿಸಿದ ಜಾಗವಾ, ಕಾರ್ಖಾನೆಯ ಕಸ ಸುರಿದ ಗುಂಡಿಯಾ? ಅಮೆರಿಕದ ನಯಾಗರ ಫಾಲ್ಸ್ ಪಟ್ಟಣದಲ್ಲಿ ಲವ್ ಕೆನಾಲ್ ಅಂತ ಅರ್ಧಕ್ಕೆ ನಿಂತುಹೋದ ಹಳೆ ಕಾಲುವೆ ಇತ್ತು. 1940 ಮತ್ತು 50ರ ದಶಕದಲ್ಲಿ ಅದರೊಳಗೆ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತರು. ಆಮೇಲೆ ಅಲ್ಲೇ ಶಾಲೆ ಬಂತು, ಸುತ್ತ ಮನೆಗಳು ಬಂದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಆ ಮನೆಗಳ ನೆಲಮಾಳಿಗೆಗಳಲ್ಲಿ ಮಕ್ಕಳು ಆಡುತ್ತಿದ್ದರು ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಮಣ್ಣಿನ ಪರೀಕ್ಷೆಯನ್ನು ಬರೀ ಶಾಸ್ತ್ರಕ್ಕೆ ಮಾಡಬೇಡಿ. ಎರೆ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ರಸ್ತೆಯೂ ಪಾಯವೂ ಬೇರೆ ರೀತಿಯಲ್ಲಿ ಬರಬೇಕು. ನೀರು ಇಂಗದ ಮಣ್ಣಿನಲ್ಲಿ ಇಂಗುಗುಂಡಿ ತೋರಿಸಿದ ನಕ್ಷೆ ಕಾಗದದ ಮೇಲೆ ಮಾತ್ರ ಕೆಲಸ ಮಾಡುತ್ತದೆ.

ಮಳೆನೀರಿನ ಬಗ್ಗೆ ಇಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ?

ಬಡಾವಣೆಗಳಲ್ಲಿ ಆಗುವ ತಪ್ಪುಗಳಲ್ಲಿ ಅಕ್ಕಪಕ್ಕದವರನ್ನು ಹೆಚ್ಚು ಕಾಡುವುದು ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಹೆಕ್ಟೇರ್ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿತ್ತು ಅಂತಿಟ್ಟುಕೊಳ್ಳಿ. ಅದು 5 ಲಕ್ಷ ಲೀಟರ್ ನೀರು. ಗಿಡಮರ, ಹುಲ್ಲು ಇರುವ ನೆಲದಲ್ಲಿ ಸರಾಸರಿ ಸುಮಾರು ಶೇ. 10ರಷ್ಟು ಮಾತ್ರ ಮೇಲೆ ಹರಿದುಹೋಗುತ್ತದೆ. ಅರ್ಧದಷ್ಟು ಇಂಗುತ್ತದೆ, ಮಿಕ್ಕಿದ್ದು ಗಾಳಿಗೆ ಸೇರುತ್ತದೆ. ಅದೇ ಜಾಗದ ಮುಕ್ಕಾಲು ಭಾಗವೋ ಅದಕ್ಕಿಂತ ಹೆಚ್ಚೋ ಕಾಂಕ್ರೀಟು, ಡಾಂಬರು, ತಾರಸಿ ಆದರೆ ಹರಿದುಹೋಗುವ ಪಾಲು ಸುಮಾರು ಶೇ. 55ಕ್ಕೆ ಏರುತ್ತದೆ. ಅಂದರೆ 50 ಸಾವಿರ ಲೀಟರ್ ಹರಿಯುತ್ತಿದ್ದ ಕಡೆ 2 ಲಕ್ಷ 75 ಸಾವಿರ ಲೀಟರ್. ಇದು ಸರಾಸರಿ ಲೆಕ್ಕ. ಬಿರುಮಳೆಯಲ್ಲಿ ಎರಡೂ ಅಂಕಿ ಮೇಲೇರುತ್ತವೆ. ಜೊತೆಗೆ ನೀರು ಬೇಗ ಬರುತ್ತದೆ. ಮೊದಲು ನಿಧಾನವಾಗಿ ಜಿನುಗುತ್ತಿದ್ದದ್ದು ಈಗ ಒಮ್ಮೆಲೇ ಕೆಳಗಿನ ಮನೆಗಳ ಬಾಗಿಲಿಗೆ ಬರುತ್ತದೆ.

ಇದಕ್ಕೇ ಬಹಳ ಕಡೆ ಒಂದು ನಿಯಮ ಇದೆ. ಬಡಾವಣೆ ಆದಮೇಲೆ ಹೊರಹೋಗುವ ನೀರಿನ ವೇಗ, ಆಗುವ ಮೊದಲು ಇದ್ದದ್ದಕ್ಕಿಂತ ಜಾಸ್ತಿ ಆಗಬಾರದು. ಅದಕ್ಕಾಗಿ ತಗ್ಗಿನಲ್ಲಿ ಹೊಂಡ ಮಾಡಿ ನೀರು ತಡೆದು, ಸಣ್ಣ ತೂಬಿನ ಮೂಲಕ ನಿಧಾನವಾಗಿ ಬಿಡುತ್ತಾರೆ. ಒಳ್ಳೆಯ ಉಪಾಯ. ಆದರೆ ಇದರಲ್ಲಿ ಒಂದು ಕೊರತೆ ಇದೆ. ಹೊಂಡ ವೇಗವನ್ನು ತಗ್ಗಿಸುತ್ತದೆ, ಒಟ್ಟು ನೀರನ್ನು ಕಡಿಮೆ ಮಾಡುವುದಿಲ್ಲ. ಕೆಳಗಿನ ಹಳ್ಳದಲ್ಲಿ ತುಂಬ ಹೊತ್ತು ನೀರು ಹರಿದು ದಡ ಕೊರೆಯಬಹುದು. ಹಾಗಾಗಿ ಇಂಗಿಸುವುದು, ರಸ್ತೆ ಬದಿಯ ಹುಲ್ಲಿನ ಕಾಲುವೆ, ಮರ ಉಳಿಸುವುದು ಇವೂ ಜೊತೆಗೆ ಬೇಕು.

ನಕ್ಷೆ ನೋಡುವಾಗ ಮೂರು ಪ್ರಶ್ನೆ ಕೇಳಿ. ಮೇಲಿನ ಜಮೀನುಗಳ ನೀರು ಈ ಬಡಾವಣೆಯೊಳಗೆ ಹೇಗೆ ಹಾದುಹೋಗುತ್ತದೆ? ಹೊಂಡ ತುಂಬಿ ಉಕ್ಕಿದರೆ ನೀರು ಯಾವ ದಾರಿ ಹಿಡಿಯುತ್ತದೆ? ಹೂಳು ಎತ್ತುವುದು ಯಾರು? ಎರಡನೆಯದನ್ನು ಕೇಳುವವರು ಕಡಿಮೆ. ಆದರೆ ಯಾವ ಹೊಂಡವೂ ಎಂಥ ಮಳೆಯನ್ನಾದರೂ ತಡೆಯುವಷ್ಟು ದೊಡ್ಡದಿರುವುದಿಲ್ಲ. ಉಕ್ಕುವ ನೀರಿಗೆ ರಸ್ತೆಯೋ ಪಾರ್ಕೋ ದಾರಿಯಾಗಬೇಕು. ಯಾರದೋ ಹಿತ್ತಲು ಆಗಬಾರದು ಅಲ್ವಾ?

ಇನ್ನು ಕೆಲಸ ನಡೆಯುವ ಕಾಲ. ಜೆಸಿಬಿ ಬಂದು ಹುಲ್ಲು ಕಿತ್ತ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಮೇಲ್ಮಣ್ಣೆಲ್ಲ ಚರಂಡಿ ಸೇರುತ್ತದೆ. ಒಂದೇ ಸಲ ಇಡೀ ಜಾಗ ಬೋಳು ಮಾಡಬಾರದು, ಅಂಚಿನಲ್ಲಿ ಹೂಳು ತಡೆ ಹಾಕಬೇಕು ಅನ್ನುವ ಷರತ್ತು ಮಂಜೂರಾತಿಯಲ್ಲೇ ಇರಲಿ.

'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂದರೆ ಚಿಂತೆ ಬೇಡ ಅಂತಾನಾ?

ಈ ಹೆಸರು ಜನರನ್ನು ದಾರಿ ತಪ್ಪಿಸಿದಷ್ಟು ಬೇರೆ ಯಾವ ಪದವೂ ತಪ್ಪಿಸಿಲ್ಲ. ಅದರ ಅರ್ಥ ಪ್ರತಿ ವರ್ಷವೂ ಅಂಥ ಪ್ರವಾಹ ಬರುವ ಸಾಧ್ಯತೆ ಶೇ. 1 ಅಂತ. ಕಳೆದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ಬರಬಹುದು. ಮನೆ ಸಾಲ 30 ವರ್ಷದ್ದು ಅಂತಿಟ್ಟುಕೊಂಡರೆ ಆ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ನಾಲ್ಕರಲ್ಲಿ ಒಂದು! ಪ್ರವಾಹದ ನೀರು ಎಲ್ಲಿಯವರೆಗೆ ಬರಬಹುದು ಅಂತ ನಕ್ಷೆಯಲ್ಲಿ ಒಂದು ಗೆರೆ ಇರುತ್ತದೆ. ಹಳೆಯ ಮಳೆ ದಾಖಲೆ ನೋಡಿ ಎಳೆದ ಆ ಗೆರೆ ಇವತ್ತಿನ ಮಳೆಗೆ ಸಾಲದೆ ಹೋಗಬಹುದು. ಗೆರೆಯಿಂದ ಒಂದೇ ಅಡಿ ಆಚೆ ಇರುವ ಸೈಟಿಗೆ ಅಪಾಯ ಇಲ್ಲ ಅಂತ ನೀರಿಗೆ ಗೊತ್ತಿರುವುದಿಲ್ಲ. ಪ್ರವಾಹದ ಗೆರೆಯೊಳಗಿನ ಜಾಗದಲ್ಲಿ ಪಾರ್ಕ್, ಆಟದ ಮೈದಾನ ಬರಲಿ. ಮನೆಗಳು ಬೇಡ.

ಕುಡಿಯುವ ನೀರಿನ ಮೂಲವನ್ನು ಈಗಲೇ ತೋರಿಸಬೇಕಾ?

ತೋರಿಸಬೇಕು. ಬೋರ್‌ವೆಲ್ ಕೊರೆದು ಮೊದಲ ದಿನ ಚಿಮ್ಮಿದ ನೀರು ಸಾಕ್ಷಿ ಅಲ್ಲ. ಪಂಪ್ ಪರೀಕ್ಷೆ ಮಾಡಿ, ಬೇಸಿಗೆಯಲ್ಲಿ ಎಷ್ಟು ಸಿಗುತ್ತದೆ, ಸುತ್ತಲ ಬಾವಿಗಳು ಎಷ್ಟು ಇಳಿಯುತ್ತವೆ ಅಂತ ನೋಡಬೇಕು.

ಬರದ ನಾಡುಗಳು ಇದನ್ನು ಬಹಳ ಗಟ್ಟಿಯಾಗಿ ಹಿಡಿದಿವೆ. ಅಮೆರಿಕದ ಅರಿಜೋನಾದಲ್ಲಿ 1980ರ ಅಂತರ್ಜಲ ಕಾಯ್ದೆ ಬಂತು. ಅದರ ಪ್ರಕಾರ ಗುರುತಿಸಿದ ಪ್ರದೇಶಗಳಲ್ಲಿ ಹೊಸ ಬಡಾವಣೆಗೆ 100 ವರ್ಷಕ್ಕೆ ಸಾಲುವ ನೀರು ಇದೆ ಅಂತ ತೋರಿಸಬೇಕು. 2023ರ ಜೂನ್‌ನಲ್ಲಿ ಫೀನಿಕ್ಸ್ ಸುತ್ತಲ ಅಂತರ್ಜಲದ ಲೆಕ್ಕ ಕೂಡಿಬರಲಿಲ್ಲ. ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ ಅಂಥ ದೃಢೀಕರಣ ಕೊಡುವುದನ್ನು ರಾಜ್ಯ ನಿಲ್ಲಿಸಿತು. ಕ್ಯಾಲಿಫೋರ್ನಿಯಾದ 2001ರ ಕಾನೂನು 500ಕ್ಕಿಂತ ಹೆಚ್ಚು ಮನೆಗಳ ಬಡಾವಣೆಗೆ 20 ವರ್ಷದ ನೀರಿನ ಲೆಕ್ಕ ಕೇಳುತ್ತದೆ. ಸಾಲುಸಾಲು ಬರ ಬಂದರೂ ನೀರು ಸಾಲುತ್ತದಾ ಅಂತಲೂ ಕೇಳುತ್ತದೆ. ನಿಮ್ಮ ಕಾನೂನು ಕೇಳದಿದ್ದರೂ ಈ ಪ್ರಶ್ನೆಯನ್ನು ನೀವು ಕೇಳಬಹುದು.

ಒಂದೇ ಪ್ರವೇಶ ರಸ್ತೆ ಇದ್ದರೆ ಸಾಕಾ?

ಕೆಲವೇ ಮನೆಗಳಿದ್ದರೆ ಸಾಕು. ಹಲವು ಕಡೆ ಅನುಸರಿಸುವ ಅಂತಾರಾಷ್ಟ್ರೀಯ ಅಗ್ನಿ ಸಂಹಿತೆಯ ಅನುಬಂಧ 30ಕ್ಕಿಂತ ಹೆಚ್ಚು ಬಿಡಿ ಮನೆಗಳಿದ್ದರೆ ಎರಡು ದಾರಿ ಕೇಳುತ್ತದೆ. ಅದೇ ಸಂಹಿತೆಯಲ್ಲಿ ಅಗ್ನಿಶಾಮಕ ವಾಹನದ ದಾರಿ ಕನಿಷ್ಠ 6 ಮೀಟರ್ ಅಗಲ ಅಡ್ಡಿಯಿಲ್ಲದೆ ಇರಬೇಕು. ಕೊನೆ ಮುಚ್ಚಿದ ರಸ್ತೆ ಸುಮಾರು 45 ಮೀಟರ್ ದಾಟಿದರೆ ವಾಹನ ತಿರುಗಿಸಲು ಜಾಗ ಬೇಕು. ಗಮನಿಸಿ, 6 ಮೀಟರ್ ಅಂದರೆ ಕಾರುಗಳು ನಿಂತಮೇಲೆ ಉಳಿಯುವ ಅಗಲ. ನಕ್ಷೆಯ ಅಗಲ ಅಲ್ಲ.

2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣಕ್ಕೆ ಕಾಡ್ಗಿಚ್ಚು ನುಗ್ಗಿತು. ಊರಿಂದ ಹೊರಗೆ ಹೋಗುವ ರಸ್ತೆಗಳು ಬೆರಳೆಣಿಕೆಯಷ್ಟು. ವಾಹನಗಳು ಸಾಲುಗಟ್ಟಿ ನಿಂತವು, ಜನ ಕಾರು ಬಿಟ್ಟು ಓಡಿದರು. ಆ ಬೆಂಕಿಯಲ್ಲಿ 85 ಜನ ತೀರಿಕೊಂಡರು. ಎರಡನೇ ದಾರಿಗೆ ಜಾಗ ಬಿಡಿ ಅಂದಾಗ 'ಎರಡು ಸೈಟು ಹೋಗುತ್ತದೆ' ಅಂತ ವಾದ ಬಂದರೆ ದಯವಿಟ್ಟು ಈ ಊರನ್ನು ನೆನೆಸಿಕೊಳ್ಳಿ.

ಪಕ್ಕದ ಖಾಲಿ ಜಮೀನಿನ ಗಡಿಯವರೆಗೆ ರಸ್ತೆ ಒಯ್ದು ಬಿಡುವುದೂ ಮುಖ್ಯ. ನಾಳೆ ಅಲ್ಲಿ ಬಡಾವಣೆ ಬಂದಾಗ ಎರಡೂ ಕೂಡಿಕೊಳ್ಳುತ್ತವೆ. ಕೂಡದಿದ್ದರೆ ಪ್ರತಿ ಬಡಾವಣೆಯೂ ಒಂದೇ ಮುಖ್ಯ ರಸ್ತೆಗೆ ಬಂದು ಸೇರಬೇಕು. ಕೊನೆ ಮುಚ್ಚಿದ ರಸ್ತೆಯ ಶಾಂತಿಯೂ ಬೇಕು, ನಡೆದು ಹೋಗುವ ದಾರಿಯೂ ಬೇಕು ಅನ್ನುವವರಿಗೆ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಹಳೆಯ ಉದಾಹರಣೆ. 1929ರಲ್ಲಿ ಶುರುವಾದ ಆ ಬಡಾವಣೆಯಲ್ಲಿ ಕಾರುಗಳ ರಸ್ತೆ ಅಲ್ಲಿಗೇ ನಿಲ್ಲುತ್ತದೆ. ಕಾಲುದಾರಿ ಮಾತ್ರ ಪಾರ್ಕಿನೊಳಗಿಂದ ಮುಂದೆ ಹೋಗುತ್ತದೆ.

ಟ್ರಾಫಿಕ್ ಎಷ್ಟು ಹೆಚ್ಚಾಗಬಹುದು?

ಅಮೆರಿಕದ ಎಣಿಕೆಗಳ ಪ್ರಕಾರ ಒಂದು ಬಿಡಿ ಮನೆಯಿಂದ ವಾರದ ದಿನ ಸುಮಾರು 9ರಿಂದ 10 ವಾಹನ ಓಡಾಟ, ದಟ್ಟಣೆಯ ಗಂಟೆಯಲ್ಲಿ ಸುಮಾರು ಒಂದು. ಆ ಲೆಕ್ಕದಲ್ಲಿ 100 ಮನೆ ಅಂದರೆ ಆ ಗಂಟೆಯಲ್ಲಿ 36 ಸೆಕೆಂಡಿಗೆ ಒಂದು ವಾಹನ. ಬಸ್ಸು, ಅಂಗಡಿ, ಶಾಲೆ ಹತ್ತಿರ ಇದ್ದರೆ ಕಡಿಮೆಯಾಗುತ್ತದೆ. ಎಷ್ಟು ವಾಹನ ಅನ್ನುವುದಕ್ಕಿಂತ ಎಲ್ಲಿ ತಿರುಗುತ್ತವೆ ಅನ್ನುವುದು ಮುಖ್ಯ. ತಿರುವಿನ ಹತ್ತಿರ, ಏರಿನ ಹಿಂದೆ ಪ್ರವೇಶ ಇಟ್ಟರೆ ಬರುವ ಗಾಡಿ ಕಾಣುವುದೇ ಇಲ್ಲ.

ಪಾರ್ಕಿಗೆ, ರಸ್ತೆಗೆ ಜಾಗ ಬಿಟ್ಟುಕೊಡಿ ಅಂತಾರೆ. ಎಷ್ಟು ಕೇಳಬಹುದು?

ಅದಕ್ಕೆ ಮಿತಿ ಇದೆ. ಅಮೆರಿಕದ ಟೈಗರ್ಡ್ ನಗರದಲ್ಲಿ ಅಂಗಡಿ ದೊಡ್ಡದು ಮಾಡಲು ಅನುಮತಿ ಕೇಳಿದವರಿಗೆ ಹಳ್ಳದ ಬದಿಯ ಜಾಗವನ್ನೂ ಸೈಕಲ್ ದಾರಿಗೆ ಜಾಗವನ್ನೂ ಬಿಡಿ ಅಂತ ನಗರ ಹೇಳಿತು. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಕೊಟ್ಟಿತು. ಕೇಳುವ ಜಾಗ, ಆ ಯೋಜನೆಯಿಂದ ಆಗುವ ಪರಿಣಾಮಕ್ಕೆ ಸರಿಸುಮಾರು ತಕ್ಕಷ್ಟಿರಬೇಕು. ಬೇರೆ ದೇಶಗಳಲ್ಲಿ ಮಾತು ಬೇರೆ ಇರಬಹುದು. ಆದರೆ 'ನಮ್ಮಿಂದ ಎಷ್ಟು ಹೊರೆ, ಅದಕ್ಕೆ ತಕ್ಕಷ್ಟು ಕೇಳಿ' ಅನ್ನುವ ವಾದ ಎಲ್ಲಿಯಾದರೂ ಮಾಡಬಹುದು.

ಭಾರತದ 2014ರ ನಗರ ಯೋಜನಾ ಮಾರ್ಗಸೂಚಿ ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಅನ್ನುತ್ತದೆ. ನನ್ನ ಪ್ರಕಾರ ಅಳತೆಗಿಂತ ಜಾಗ ಎಲ್ಲಿದೆ ಅನ್ನುವುದನ್ನು ಮೊದಲು ನೋಡಬೇಕು. ಸೈಟು ಮಾಡಲಾಗದ ಮೂಲೆಗಳನ್ನು, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಯನ್ನು ಸೇರಿಸಿ ಲೆಕ್ಕ ತುಂಬಿಸಿದ ಪಾರ್ಕಿಗೆ ಯಾವ ಮಗುವೂ ಹೋಗುವುದಿಲ್ಲ.

ನಾನು ಪಕ್ಕದ ಮನೆಯವ. ಆಕ್ಷೇಪಣೆ ಸಲ್ಲಿಸಿದರೆ ಪ್ರಯೋಜನ ಇದೆಯಾ?

ಇದೆ. ಆದರೆ ಸಮಯಕ್ಕೆ ಸಲ್ಲಿಸಬೇಕು, ಲೆಕ್ಕಕ್ಕೆ ಬರುವ ಮಾತನ್ನೇ ಹೇಳಬೇಕು. ಇಂಗ್ಲೆಂಡಿನಲ್ಲಿ ಅರ್ಜಿಯ ಬಗ್ಗೆ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನ. 'ನಮ್ಮ ಕಿಟಕಿಯ ನೋಟ ಹೋಗುತ್ತದೆ', 'ನಮ್ಮ ಮನೆಯ ಬೆಲೆ ಇಳಿಯುತ್ತದೆ' ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀರು, ಸಂಚಾರ, ಶಬ್ದ, ಮನೆಯೊಳಕ್ಕೆ ಇಣುಕುವಷ್ಟು ಹತ್ತಿರದ ಕಟ್ಟಡ, ಮರಗಳು, ಯೋಜನೆಯ ನಿಯಮಕ್ಕೆ ವಿರುದ್ಧ ಇರುವುದು ಲೆಕ್ಕಕ್ಕೆ ಬರುತ್ತದೆ.

ಒಂದೇ ಒಕ್ಕಣೆಯ 200 ಪತ್ರಕ್ಕಿಂತ ಒಂದು ಫೋಟೋ ಇರುವ ಪತ್ರ ಗಟ್ಟಿ. ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂತು, ಯಾವ ದಿನ, ಗೋಡೆಯ ಮೇಲೆ ಕಲೆ ಎಷ್ಟು ಎತ್ತರ ಇದೆ ಅಂತ ಬರೆಯಿರಿ. ಎಂಜಿನಿಯರರ ಲೆಕ್ಕದಲ್ಲಿ ಇಲ್ಲದ್ದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಬಡಾವಣೆಯೇ ಬೇಡ ಅನ್ನುವುದಕ್ಕಿಂತ ಏನು ಬದಲಾಗಬೇಕು ಅಂತ ಹೇಳಿದರೆ ಅದು ಷರತ್ತಾಗಿ ಸೇರುವ ಸಾಧ್ಯತೆ ಜಾಸ್ತಿ. ಹೊಸದಾಗಿ ಬರುವವರಿಗೂ ತಲೆಯ ಮೇಲೊಂದು ಸೂರು ಬೇಕು. ಅವರು ನಾಳೆ ನಿಮ್ಮ ನೆರೆಯವರು.

ನಕ್ಷೆ ಓದಲು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಮೊದಲು ಉತ್ತರ ದಿಕ್ಕಿನ ಬಾಣ ಮತ್ತು ಅಳತೆ ಹುಡುಕಿ. ಆಮೇಲೆ ಎತ್ತರ ತೋರಿಸುವ ಬಾಗುಗೆರೆಗಳನ್ನು ನೋಡಿ. ಒಂದು ಗೆರೆಯುದ್ದಕ್ಕೂ ನೆಲ ಒಂದೇ ಎತ್ತರ. ಗೆರೆಗಳು ಹತ್ತಿರ ಇದ್ದರೆ ಕಡಿದಾದ ಇಳಿಜಾರು, ದೂರ ಇದ್ದರೆ ಸಮತಟ್ಟು. ನೀರು ಈ ಗೆರೆಗಳನ್ನು ಅಡ್ಡಹಾಯ್ದು ಕೆಳಗಿಳಿಯುತ್ತದೆ. ಗೆರೆಗಳೆಲ್ಲ ಒಂದು ಕಡೆ ಚೂಪಾಗಿ ಎತ್ತರದ ದಿಕ್ಕಿಗೆ ಮಡಚಿಕೊಂಡಿದ್ದರೆ ಅದು ತಗ್ಗು, ನೀರಿನ ದಾರಿ. ಆ ಮಡಿಕೆಯ ಮೇಲೆ ಸೈಟು ನಂಬರ್ ಬಿದ್ದಿದೆಯಾ ಅಂತ ಪೆನ್ಸಿಲ್ ಹಿಡಿದು ಹುಡುಕಿ. ಬಿದ್ದಿದ್ದರೆ ನಿಮ್ಮ ಮೊದಲ ಪ್ರಶ್ನೆ ಸಿಕ್ಕಂತೆ. ನಕ್ಷೆ ಕೈಯಲ್ಲಿ ಹಿಡಿದು ಮಳೆ ಬರುವಾಗ ಒಮ್ಮೆ ಆ ಜಾಗದಲ್ಲಿ ನಡೆದು ನೋಡಿ.

ಷರತ್ತುಬದ್ಧ ಮಂಜೂರಾತಿ ಅಂದರೆ ಸಿಕ್ಕಂತೆಯೋ ಸಿಗದಂತೆಯೋ?

ಷರತ್ತುಗಳನ್ನು ಓದಿದರೆ ಗೊತ್ತಾಗುತ್ತದೆ. ಕೆಲವು ಕೆಲಸ ಶುರುವಾಗುವ ಮೊದಲೇ ಪೂರೈಸಬೇಕಾದವು. ಕೆಲವು ಮೊದಲ ಮನೆಗೆ ಜನ ಬರುವ ಮೊದಲು. 'ಸೂಕ್ತ ವ್ಯವಸ್ಥೆ ಮಾಡತಕ್ಕದ್ದು' ಅಂತ ಮಾತ್ರ ಬರೆದ ಷರತ್ತನ್ನು ಯಾರೂ ಜಾರಿ ಮಾಡಿಸಲಾರರು. ಎಷ್ಟು, ಯಾವಾಗ, ಯಾರು ಪರೀಕ್ಷಿಸಬೇಕು ಅಂತ ಇರಬೇಕು. ಮಂಜೂರಾತಿಗೆ ಆಯಸ್ಸೂ ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷದೊಳಗೆ ಕೆಲಸ ಶುರು ಮಾಡದಿದ್ದರೆ ಅನುಮತಿ ಬಿದ್ದುಹೋಗುತ್ತದೆ.

ತಿರಸ್ಕಾರ ಆದರೆ ಮುಂದೇನು?

ಕಾರಣಗಳನ್ನು ಬರಹದಲ್ಲಿ ಪಡೆಯಿರಿ. ತಿದ್ದಿ ಮತ್ತೆ ಸಲ್ಲಿಸುವುದು ಬಹಳ ಸಲ ಮೇಲ್ಮನವಿಗಿಂತ ಬೇಗ ಮುಗಿಯುತ್ತದೆ. ಮಂಜೂರಾದದ್ದರ ವಿರುದ್ಧ ನೆರೆಯವರು ಹೋಗಬಹುದಾ ಅನ್ನುವುದು ಆಯಾ ಕಾನೂನಿಗೆ ಬಿಟ್ಟದ್ದು. ಇಂಗ್ಲೆಂಡಿನಲ್ಲಿ ಅರ್ಜಿದಾರರಿಗೆ ಮಾತ್ರ ಮೇಲ್ಮನವಿ, ಉಳಿದವರು ಕೋರ್ಟಿಗೇ ಹೋಗಬೇಕು. ಐರ್ಲೆಂಡಿನಲ್ಲಿ ಮೊದಲ ಹಂತದಲ್ಲಿ ಲಿಖಿತವಾಗಿ ಅಭಿಪ್ರಾಯ ಕೊಟ್ಟವರಿಗೆ 4 ವಾರದ ಅವಕಾಶ ಇದೆ. ಮೊದಲು ಬರೆದುಕೊಡದಿದ್ದರೆ ಆ ಬಾಗಿಲು ಮುಚ್ಚುತ್ತದೆ.

ಸೈಟು ಕೊಳ್ಳುವ ಮೊದಲು ಏನೇನು ನೋಡಲಿ?

ಅಂತಿಮ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ. ಅದನ್ನು ಮಾರುವವರ ಕೈಯಿಂದಲ್ಲ, ಕಚೇರಿಯಿಂದಲೇ ತೆಗೆದುಕೊಳ್ಳಿ. ಷರತ್ತುಗಳ ಪೂರ್ತಿ ಪಟ್ಟಿ. ಜಮೀನಿನ ಮೇಲೆ ಸಾಲ, ವ್ಯಾಜ್ಯ ಇದೆಯಾ ಅನ್ನುವ ದಾಖಲೆ. ನಿಮ್ಮ ಸೈಟಿನೊಳಗೆ ಪೈಪು, ತಂತಿ ಹಾದುಹೋಗಲು ಬಿಟ್ಟ ಪಟ್ಟಿ ಇದೆಯಾ ಅಂತ ನೋಡಿ. ಇದ್ದರೆ ಅದರ ಮೇಲೆ ಕಟ್ಟುವಂತಿಲ್ಲ. ಭಾರತದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಸೈಟುಗಳಿಗೂ ಅನ್ವಯಿಸುತ್ತದೆ. 500 ಚದರ ಮೀಟರ್ ಮೀರಿದ ಬಡಾವಣೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ. ಗ್ರಾಹಕರ ಹಣದ ಶೇ. 70ನ್ನು ಬೇರೆ ಖಾತೆಯಲ್ಲಿ ಇಡಬೇಕು.

ಬ್ರೋಷರಿನ ಬಣ್ಣದ ಚಿತ್ರವನ್ನೂ ಮಂಜೂರಾದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಪಾರ್ಕ್ ಇರುವ ಕಡೆ ಇನ್ನೊಂದರಲ್ಲಿ ಸೈಟು ಇದ್ದರೆ ಅಲ್ಲಿಗೇ ನಿಲ್ಲಿಸಿ.

ಕೊನೆಗೆ ಈ ರಸ್ತೆ, ಹೊಂಡ, ಬೀದಿದೀಪಗಳನ್ನು ಯಾರು ನೋಡಿಕೊಳ್ಳುತ್ತಾರೆ?

ಮಂಜೂರಾತಿಯ ಹೊತ್ತಿಗೇ ಇದಕ್ಕೆ ಉತ್ತರ ಬರೆದಿರಬೇಕು. ಎರಡು ದಾರಿ ಇದೆ. ಕೆಲಸ ಸರಿಯಾಗಿದೆ ಅಂತ ಪರೀಕ್ಷಿಸಿ ಸ್ಥಳೀಯ ಸಂಸ್ಥೆ ವಹಿಸಿಕೊಳ್ಳುವುದು ಒಂದು. ನಿವಾಸಿಗಳ ಸಂಘ ಸೇರಿ ದುಡ್ಡು ಹಾಕಿ ನಡೆಸುವುದು ಇನ್ನೊಂದು. ಎರಡನೆಯದಾದರೆ ಹತ್ತು ವರ್ಷದ ಮೇಲೆ ರಸ್ತೆಗೆ ಮತ್ತೆ ಡಾಂಬರು ಬೇಕಾದಾಗ, ಹೊಂಡದ ಹೂಳು ತೆಗೆಸಬೇಕಾದಾಗ ಎಲ್ಲರ ಜೇಬಿಗೂ ಕೈ ಬೀಳುತ್ತದೆ. ಆ ಲೆಕ್ಕವನ್ನು ಕೊಳ್ಳುವ ಮೊದಲೇ ಕೇಳಿ.

ಡೆವಲಪರ್ ಇಟ್ಟ ಭದ್ರತಾ ಹಣವನ್ನು ಯಾವಾಗ ಮರಳಿಸುತ್ತಾರೆ ಅಂತಲೂ ವಿಚಾರಿಸಿ. ಕೆಲಸ ಮುಗಿದ ದಿನವೇ ಪೂರ್ತಿ ಮರಳಿಸಿದರೆ ಆಮೇಲೆ ಕುಸಿದ ಚರಂಡಿಗೆ ಯಾರೂ ಬರುವುದಿಲ್ಲ. ಒಂದಿಷ್ಟು ಪಾಲನ್ನು ಕನಿಷ್ಠ ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಹಿಡಿದಿಡಬೇಕು. ಹೊಸ ರಸ್ತೆಯ ಕೆಳಗಿನ ಮಣ್ಣು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಆವಾಗ.